ಅಪ್ಪನ ಗಡಿಯಾರದಲ್ಲಿ ಇನ್ನೂ ಲಾಂಚ್ ಟೈಮ್

ಸ್ವೀಡನ್ನಿನಿಂದ ಊರಿಗೆ ವಾಪಸ್ ಬಂದು ಎರಡು ತಿಂಗಳಾಯ್ತು. ಸಿಕ್ಕವರು ಯಾರೂ ಅಲ್ಲಿನ ಚಳಿ ಹೇಗಿತ್ತು ಅಂತ ಕೇಳಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ, "ಸೇತುವೆ ನೋಡಿದ್ಯಾ?"

ನಮ್ಮೂರು ತುಮರಿ ಕಡೆ. ಸಾಗರದಿಂದ ಹೊರಟರೆ ಶರಾವತಿ ಹಿನ್ನೀರಿನ ಆಚೆ ದಡ. ಮ್ಯಾಪ್ ಹಿಡಿದು ನೋಡಿದರೆ ಇದು ಪೂರ್ತಿ ದ್ವೀಪ ಅಲ್ಲ, ಕಾಡಿನ ನಡುವೆ ಒಂದು ಸುತ್ತು ದಾರಿ ಇದೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಸಾಗರಕ್ಕಿದ್ದ ನೇರ ದಾರಿ ನೀರಿನಡಿಗೆ ಹೋಯ್ತು. ಆಗಿನಿಂದ ನಾವು ದ್ವೀಪದವರು. ನಾಡಿಗೆಲ್ಲ ಕರೆಂಟ್ ಕೊಟ್ಟ ನೀರೇ ನಮ್ಮನ್ನ ದಡದಲ್ಲಿ ಕೂರಿಸಿತ್ತು ಅನ್ನೋದು ಇಲ್ಲಿ ಪ್ರತಿ ಮನೆಯಲ್ಲೂ ಕೇಳೋ ಮಾತು.

ನಾನು 2024ರಲ್ಲಿ ಹೊರಟಾಗ ಸೇತುವೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ಹೊಳೆಬಾಗಿಲಿನಲ್ಲಿ ಲಾಂಚ್ ಇಳಿದು, ಸೂಟ್‌ಕೇಸ್ ಎಳ್ಕೊಂಡು ಬಸ್ ಹತ್ತಿದ್ದೆ. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆದಾಗ ಗೋಥೆನ್‌ಬರ್ಗಿನ ಆಫೀಸ್ ಕ್ಯಾಂಟೀನಲ್ಲಿ ಫೋನ್ ಹಿಡಿದು ನೋಡಿದೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್. ಕಾರಿನಲ್ಲಿ ಒಂದು ಹಾಡು ಮುಗಿಯೋದ್ರೊಳಗೆ ಆಚೆ ದಡ.

ಜೆಟ್‌ಲ್ಯಾಗ್ ಮೂರು ದಿನಕ್ಕೆ ಹೋಯ್ತು. ಅಪ್ಪೆಮಿಡಿ ಉಪ್ಪಿನಕಾಯಿ, ಮಜ್ಜಿಗೆ ಅನ್ನಕ್ಕೆ ನಾಲಿಗೆ ಒಂದೇ ಹೊತ್ತಿಗೆ ಹೊಂದಿಕೊಂಡಿತು. ಹೊಂದಿಕೊಳ್ಳೋಕೆ ಕಷ್ಟ ಆಗಿದ್ದು ಬೇರೆ. ನಾನು ಬಿಟ್ಟುಹೋದ ಊರಿಗೆ ವಾಪಸ್ ಬಂದಿರಲಿಲ್ಲ. ಊರು ಸೇತುವೆ ದಾಟಿತ್ತು, ಮನೆ ಮಾತ್ರ ಇನ್ನೂ ಲಾಂಚ್ ಟೈಮಲ್ಲೇ ಇತ್ತು.

ಲಾಂಚ್ ಅಂದ್ರೆ ಬರೀ ದೋಣಿ ಅಲ್ಲ, ಅದು ನಮ್ಮ ದಿನಚರಿ. ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಮದುವೆ ದಿಬ್ಬಣ ಎಲ್ಲ ಅದರ ಮೇಲೇ. ಸಂಜೆ ಕೊನೇ ಲಾಂಚ್ ತಪ್ಪಿದರೆ ಸಾಗರದಲ್ಲಿ ನೆಂಟರ ಮನೆ ಹುಡುಕ್ಕೋಬೇಕು. ಬೇಸಿಗೆಯಲ್ಲಿ ನೀರು ತೀರಾ ಇಳಿದ್ರೆ ವಾಹನ ಹತ್ತಿಸೋದೇ ನಿಲ್ತಿತ್ತು. ಹಾಗಾಗಿ ಅಮ್ಮನ ಅಡುಗೆಮನೆಯಲ್ಲಿ ಯಾವಾಗಲೂ ಎರಡು ತಿಂಗಳ ಸಾಮಾನು ಇರುತ್ತೆ. ಬೆಲ್ಲದ ಡಬ್ಬ ಅರ್ಧಕ್ಕೆ ಬಂದ್ರೆ ಅವಳಿಗೆ ನಿದ್ದೆ ಬರಲ್ಲ. ಅಪ್ಪ ಸಾಗರಕ್ಕೆ ಹೋದ್ರೆ ಮಧ್ಯಾಹ್ನ ಮೂರು ಗಂಟೆಯಿಂದಲೇ ಚಡಪಡಿಕೆ ಶುರು.

ಮೊನ್ನೆ ಅವರನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ಟೋಕನ್ ನಂಬರ್ ಬರೋದು ತಡ ಆಯ್ತು. "ಹೋಗೋಣ ಕಣೇ, ಇನ್ನೊಂದಿನ ತೋರಿಸಿದ್ರಾಯ್ತು" ಅಂತ ಎದ್ದೇ ಬಿಟ್ರು. "ಅಪ್ಪ, ಸೇತುವೆ ಇದೆಯಲ್ಲ" ಅಂದೆ. "ಅದು ಗೊತ್ತು ಮಾರಾಯ್ತಿ" ಅಂದ್ರು. ಮತ್ತೆ ಕೂತರು, ಆದರೆ ಐದು ನಿಮಿಷಕ್ಕೊಂದು ಸಲ ವಾಚ್ ನೋಡ್ತಾನೇ ಇದ್ರು.

ಆ ಚಡಪಡಿಕೆಗೆ ಕಾರಣ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ರಾತ್ರಿ ಅಜ್ಜಿಗೆ ಉಸಿರು ಕಟ್ಟಿತು. ಲಾಂಚ್ ನಿಂತು ಎಷ್ಟೋ ಹೊತ್ತಾಗಿತ್ತು. ಮಳೆಯಲ್ಲಿ ಸುತ್ತು ದಾರಿ ಹಿಡಿದು ಜೀಪಲ್ಲಿ ಹೊರಟರು. ಅಜ್ಜಿ ಆಸ್ಪತ್ರೆ ಮುಟ್ಟಲಿಲ್ಲ. ಬೆಳಿಗ್ಗೆ ಅದೇ ಜೀಪು ಮೊದಲ ಲಾಂಚಲ್ಲಿ ವಾಪಸ್ ಬಂತು. ಅಪ್ಪ ಈ ವಿಷಯ ಯಾವತ್ತೂ ಮಾತಾಡಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಿ ಆ ರಾತ್ರಿ ಒಂಬತ್ತು ಗಂಟೆಗೆ ಸೇತುವೆ ಮೇಲೆ ಬರೋವಾಗ, "ನಿಲ್ಲಿಸಬೇಡ, ಹೋಗ್ತಾ ಇರು" ಅಂದ್ರು. ನಾನು ನಿಲ್ಲಿಸೋ ಯೋಚನೆಯನ್ನೇ ಮಾಡಿರಲಿಲ್ಲ.

ಆದ್ದರಿಂದ ಲಾಂಚ್ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ಸೂರ್ಯಾಸ್ತದ ಫೋಟೋ ಹಾಕಿ "ಮಿಸ್ ಯೂ" ಅಂತ ಬರೆಯೋರನ್ನ ಕಂಡ್ರೆ ನನಗೆ ಸ್ವಲ್ಪ ಸಿಟ್ಟು ಬರುತ್ತೆ. ಅವರಿಗೆ ಅದು ಒಂದು ರೈಡ್.

ಹಾಗಂತ ನೀರು ದಾಟೋ ಬದುಕೇ ಶಾಪ ಅಂತಲೂ ಈಗ ಅನ್ನಿಸಲ್ಲ. ಗೋಥೆನ್‌ಬರ್ಗಿನಲ್ಲಿ ರಜೆ ಸಿಕ್ಕಾಗೆಲ್ಲ 11ನೇ ನಂಬರಿನ ಟ್ರಾಮ್ ಹತ್ತಿ ಸಾಲ್ಟ್‌ಹೋಲ್ಮೆನ್‌ಗೆ ಹೋಗ್ತಿದ್ದೆ. ಅಲ್ಲಿಂದ ಬ್ರೆನ್ನೋ, ಸ್ಟಿರ್ಸೋ ಅನ್ನೋ ದ್ವೀಪಗಳಿಗೆ ಫೆರಿ. ಟ್ರಾಮಿನ ಟಿಕೆಟ್ಟೇ ಫೆರಿಗೂ ನಡೆಯುತ್ತೆ. ಆ ದ್ವೀಪಗಳಿಗೆ ನಗರದಿಂದ ಸೇತುವೆ ಇಲ್ಲ, ಅಲ್ಲಿ ಕಾರೂ ಓಡಲ್ಲ. ಆದರೂ ಅಲ್ಲಿನವರು ಸಿಟಿಯಲ್ಲಿ ಕೆಲಸ ಮಾಡಿ, ಹೊರಗೇ ಊಟ ಮುಗಿಸಿ, ರಾತ್ರಿ ಆರಾಮಾಗಿ ಮನೆಗೆ ಹೋಗ್ತಾರೆ. ಫೆರಿಯಲ್ಲಿ ಕೂತು ನಾನು ನೋಡ್ತಿದ್ದಿದ್ದು ಅವರ ಮುಖ. ಯಾರೂ ಅಪ್ಪನ ಹಾಗೆ ವಾಚ್ ನೋಡ್ತಿರಲಿಲ್ಲ. ನಮಗೆ ತೊಂದರೆ ಆಗಿದ್ದು ನೀರಿನಿಂದ ಅಷ್ಟೇ ಅಲ್ಲ, ಕತ್ತಲಾದ ಮೇಲೆ ನಮಗೆ ದಾರಿ ಬೇಕು ಅಂತ ಯಾರಿಗೂ ಅನ್ನಿಸದೇ ಇದ್ದಿದ್ದರಿಂದ.

ಮುಳುಗಡೆಯವರ ಕತೆಯನ್ನ 'ದ್ವೀಪ' ಕಾದಂಬರಿಯಲ್ಲಿ ಬರೆದ ನಾ. ಡಿಸೋಜ ಸಾಗರದವರು. ಗಿರೀಶ್ ಕಾಸರವಳ್ಳಿ ಅದನ್ನೇ ಸಿನಿಮಾ ಮಾಡಿದ್ದು. ಡಿಸೋಜ ತೀರಿಕೊಂಡಿದ್ದು 2025ರ ಜನವರಿಯಲ್ಲಿ. ಇನ್ನಾರು ತಿಂಗಳು ಇದ್ದಿದ್ರೆ ಈ ಸೇತುವೆಯನ್ನ ನೋಡ್ತಿದ್ರಲ್ಲ ಅಂತ ಅದರ ಮೇಲೆ ಹೋಗೋವಾಗೆಲ್ಲ ಅನ್ನಿಸುತ್ತೆ.

ಕಳೆದುಕೊಂಡಿದ್ದೂ ಇದೆ, ಅದನ್ನ ಅಮ್ಮನೇ ಹೇಳಿದ್ದು. ಲಾಂಚಿಗೆ ಕಾಯೋ ಹೊತ್ತಲ್ಲಿ ಯಾರ ಮಗಳಿಗೆ ಗಂಡು ನೋಡಿದ್ರು, ಯಾರ ತೋಟಕ್ಕೆ ಎಲೆಚುಕ್ಕಿ ರೋಗ ಬಂತು, ಎಲ್ಲ ಸುದ್ದಿ ಸಿಗ್ತಿತ್ತು. ಈಗ ಎಲ್ಲರೂ ಕಾರಿನ ಗ್ಲಾಸ್ ಏರಿಸ್ಕೊಂಡು ಹೋಗ್ತಾರೆ. "ಮೂರು ಮನೆ ಆಚೆಯವಳು ಬಸುರಿ ಅಂತ ನಂಗೆ ಏಳನೇ ತಿಂಗಳಿಗೆ ಗೊತ್ತಾಗಿದ್ದು" ಅಂತ ಅಮ್ಮನಿಗೆ ಬೇಜಾರು. ಸಿಗಂದೂರು ಚೌಡೇಶ್ವರಿ ದರ್ಶನಕ್ಕೆ ಬರೋ ಗಾಡಿಗಳು ಮೊದಲು ಲಾಂಚಿನ ಸರದಿಗೆ ಕಾಯ್ತಿದ್ವು, ಈಗ ನೇರ ನುಗ್ತವೆ. ಅದರ ಹಿಂದೆಯೇ ಬ್ರೋಕರುಗಳು. ನಾನು ಬಂದ ಎರಡನೇ ವಾರ ಒಬ್ಬ ಅಂಗಳಕ್ಕೇ ಬಂದು, ಹಿನ್ನೀರು ಕಾಣೋ ಜಾಗ ಎಷ್ಟಿದೆ ಅಂತ ಕೇಳಿದ. ಅವನು ಹೇಳಿದ ರೇಟು ಕೇಳಿ ನಾನೇ ಒಂದು ಕ್ಷಣ ಸುಮ್ಮನಾದೆ.

ಅಪ್ಪ ಅಡಿಕೆ ಸುಲಿಯೋದು ನಿಲ್ಲಿಸದೆ, "ಮಗಳನ್ನ ಕೇಳಿ" ಅಂದುಬಿಟ್ರು. ಅವನು ಹೋದ ಮೇಲೆ ನನ್ನ ಮುಖ ನೋಡದೇ ಕೇಳಿದ್ರು, "ನೀನು ಎಷ್ಟು ದಿನ ಇರ್ತೀಯ?"

ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇರಲಿಲ್ಲ. ಮಾರ್ಚ್ ತನಕ ಮನೆಯಿಂದಲೇ ಕೆಲಸ ಮಾಡೋಕೆ ಕಂಪನಿ ಒಪ್ಪಿದೆ. ಆಮೇಲೆ ಬೆಂಗಳೂರಿಗೆ ಹೋಗಬೇಕಾಗಬಹುದು. "ಕೊನೆಕೊಯ್ಲು ಮುಗಿಯೋವರೆಗಂತೂ ಇರ್ತೀನಿ, ಜಾಗ ಮಾತ್ರ ಕೊಡೋದು ಬೇಡ" ಅಂದೆ. ಅಪ್ಪ ತಲೆ ಆಡಿಸಿ, ಇನ್ನೊಂದು ಮೆಟ್ಟುಗತ್ತಿ ನನ್ನ ಕಡೆ ತಳ್ಳಿದ್ರು. ಒಂದೂವರೆ ವರ್ಷ ಕೀಬೋರ್ಡ್ ಬಿಟ್ಟು ಏನೂ ಮುಟ್ಟದ ಕೈಗೆ ಅಡಿಕೆ ಚೊಗರು ಹತ್ತಿ ಎರಡೇ ದಿನಕ್ಕೆ ಕಪ್ಪಾಯ್ತು. ವಿಡಿಯೋ ಕಾಲ್‌ನಲ್ಲಿ ಸ್ವೀಡನ್ ಟೀಮಿನವರು ಗಾಬರಿಯಾಗಿ ಏನಾಯ್ತು ಅಂತ ಕೇಳಿದ್ರು. ಅಡಿಕೆ ಅಂದ್ರೇನು ಅಂತ ವಿವರಿಸೋದ್ರಲ್ಲೇ ಮೀಟಿಂಗ್ ಅರ್ಧ ಮುಗೀತು.

ಹೋದ ಶನಿವಾರ ಸಾಗರಕ್ಕೆ ಹೊರಟಾಗ ಅಮ್ಮ ಎಂದಿನಂತೆ ಉದ್ದದ ಚೀಟಿ ಬರೆಯೋಕೆ ಕೂತಳು. ಬೆಲ್ಲ, ತೊಗರಿಬೇಳೆ ಅಂತ ನಾಲ್ಕು ಸಾಲು ಬರೆದವಳು ಪೆನ್ನು ನಿಲ್ಲಿಸಿ, "ಸಾಕು. ಉಳಿದಿದ್ದು ನೆನಪಾದಾಗ ತಂದ್ರಾಯ್ತು" ಅಂದಳು. ನಾನು ಕಾರು ತಿರುಗಿಸೋವಷ್ಟರಲ್ಲಿ ಬಾಗಿಲಿಗೆ ಬಂದು ಕೂಗಿದಳು, "ಬೆಲ್ಲ ಎರಡು ಕೆಜಿ ಜಾಸ್ತಿನೇ ತಗೊಂಡು ಬಾ!"