ಪ್ಲಾಸ್ಟಿಕ್ಕಿನೊಳಗಣ ಕಲ್ಲು

ಕಾರವಾರದ ಕೋಡಿಬಾಗದ ಬಳಿ ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಅಲ್ಲಿಯ ದಂಡೆಯಲ್ಲಿ ಚಿಪ್ಪುಗಳ ನಡುವೆ ಮುರಿದ ಪ್ಲಾಸ್ಟಿಕ್ ಕುರ್ಚಿಯ ಚೂರೊಂದನ್ನು ಕಂಡರೆ, ಅವೆರಡಕ್ಕೂ ನಂಟುಂಟೆಂದು ನಾವು ಎಣಿಸುವುದಿಲ್ಲ. ಆದರೆ ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಎಷ್ಟೋ ಕುರ್ಚಿಗಳಲ್ಲಿಯೂ ಇರುತ್ತದೆ.

ಕಾಯಿಸಿದರೆ ಮೆತ್ತಗಾಗಿ, ಆರಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ಕುಗಳಲ್ಲಿ ಪಾಲಿಪ್ರೊಪಿಲೀನ್ ಮುಖ್ಯವಾದುದು. 1954ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಅವರು ಇದರ ಕ್ರಮಬದ್ಧ ರೂಪವನ್ನು ಪಡೆದರು. ಇದು ಹಗುರವಾದುದು, ಆದರೆ ಭಾರಕ್ಕೆ ಬಾಗುತ್ತದೆ, ಅಚ್ಚಿನಲ್ಲಿ ಆರುವಾಗ ಕುಗ್ಗುತ್ತದೆ. ಆದುದರಿಂದ ತಯಾರಕರು ಕರಗಿದ ಪ್ಲಾಸ್ಟಿಕ್ಕಿಗೆ ಸುಣ್ಣಕಲ್ಲಿನ ಅಥವಾ ಬಳಪದ ಕಲ್ಲಿನ ನುಣುಪಾದ ಪುಡಿಯನ್ನು ಬೆರೆಸುತ್ತಾರೆ. ಆ ಶಾಖಕ್ಕೆ ಕಲ್ಲಿನ ಕಣಗಳು ಕರಗವು, ಆರುವಾಗ ಅಷ್ಟಾಗಿ ಕುಗ್ಗವು. ಬಳಪದ ಕಲ್ಲಿನ ಕಣಗಳಂತೂ ತೆಳ್ಳನೆಯ ಹಾಳೆಗಳಂತಿದ್ದು, ಪ್ಲಾಸ್ಟಿಕ್ ಹರಿದ ದಿಕ್ಕಿನಲ್ಲಿಯೇ ಮಲಗುತ್ತವೆ. ನೂರರಲ್ಲಿ 40 ಪಾಲು ಈ ಪುಡಿ ಸೇರಿದರೆ ಬಿಗುವು ಎರಡು ಪಟ್ಟಿಗೂ ಮಿಕ್ಕುತ್ತದೆ. ಮೋಟಾರು ಕಾರಿನ ಒಳಭಾಗಗಳಿಗೂ ಬಟ್ಟೆ ಒಗೆಯುವ ಯಂತ್ರದ ತೊಟ್ಟಿಗೂ ಇಂತಹ ಮಿಶ್ರಣವನ್ನು ಬಳಸುವುದುಂಟು. ಪುಡಿ ಅತಿಯಾದರೆ ಮಾತ್ರ ವಸ್ತುವು ಪೆಟ್ಟಿಗೆ ಸುಲಭವಾಗಿ ಬಿರಿಯುತ್ತದೆ.

ಇನ್ನು ತೂಕದ ಮಾತು. 84 ಗ್ರಾಂ ಪಾಲಿಪ್ರೊಪಿಲೀನಿಗೆ 16 ಗ್ರಾಂ ಸುಣ್ಣಕಲ್ಲಿನ ಪುಡಿ ಸೇರಿದೆಯೆನ್ನೋಣ. ಗಾಳಿಗುಳ್ಳೆಗಳಿಲ್ಲದಿದ್ದರೆ ಈ 100 ಗ್ರಾಂ ತುಂಡಿನ ಗಾತ್ರ ಸುಮಾರು 98.7 ಘನ ಸೆಂಟಿಮೀಟರು. ಅದು ಪೂರ್ತಿ ಅದ್ದಿದಾಗ ಸರಿಸುವ ಸಿಹಿನೀರಿನ ತೂಕ 98.7 ಗ್ರಾಂ, ಆದುದರಿಂದ ಮುಳುಗುತ್ತದೆ. ಸಮುದ್ರದ ಉಪ್ಪುನೀರಾದರೋ ಸುಮಾರು 101 ಗ್ರಾಂ ತೂಗುತ್ತದೆ, ಅಲ್ಲಿ ತೇಲುತ್ತದೆ. ನದಿಯಲ್ಲಿ ಮುಳುಗಿದ್ದುದು ಕಡಲಲ್ಲಿ ತೇಲೀತು! ಪುಡಿ ನೂರಕ್ಕೆ 20 ಪಾಲಾದರೆ ಎರಡರಲ್ಲಿಯೂ ಮುಳುಗುತ್ತದೆ.

ಇದು ಬರಿಯ ವಿನೋದವಲ್ಲ. ಹಳೆಯ ಪ್ಲಾಸ್ಟಿಕ್ಕನ್ನು ಮತ್ತೆ ಕರಗಿಸುವವರು ಚೂರುಗಳನ್ನು ನೀರಿನ ತೊಟ್ಟಿಗೆ ಸುರಿದು ಬೇರ್ಪಡಿಸುತ್ತಾರೆ. ಶುದ್ಧ ಪಾಲಿಪ್ರೊಪಿಲೀನ್ ತೇಲುತ್ತದೆ. ನೀರಿನ ಶೀಸೆಗಳ ಪಿಇಟಿ ಮುಳುಗುತ್ತದೆ. ಕಲ್ಲು ತುಂಬಿದ ಪಾಲಿಪ್ರೊಪಿಲೀನ್ ತನ್ನ ಜಾತಿಯನ್ನು ಬಿಟ್ಟು ತಳಕ್ಕಿಳಿದು, ಪಿಇಟಿಯೊಡನೆ ಬೆರೆಯುತ್ತದೆ. ಒಂದು ಸುಮಾರು 165 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಇನ್ನೊಂದು ಸುಮಾರು 250 ಡಿಗ್ರಿಯಲ್ಲಿ ಕರಗುವುದು. ಒಂದರೊಡನೊಂದು ಹೊಂದಿಕೊಳ್ಳಲೂ ಆರವು. ಫಲವಾಗಿ ಎರಡೂ ಕೆಡುತ್ತವೆ.

ವಸ್ತುವಿನ ಅಡಿಯಲ್ಲಿ ತ್ರಿಕೋನದೊಳಗೆ ಕಾಣುವ 5 ಎಂಬ ಅಂಕವು ಪಾಲಿಪ್ರೊಪಿಲೀನೆಂದು ಹೇಳುತ್ತದೆಯೇ ಹೊರತು, ಅದರೊಳಗಣ ಕಲ್ಲಿನ ಪ್ರಮಾಣವನ್ನು ಹೇಳುವುದಿಲ್ಲ. ಕಾರುಗಳ ಭಾಗಗಳ ಮೇಲೆ ‘ಪಿಪಿ-ಟಿಡಿ20’ ಎಂಬಂತಹ ಗುರುತನ್ನು ಕಾಣಬಹುದು. ನೂರಕ್ಕೆ 20 ಪಾಲು ಬಳಪದ ಕಲ್ಲಿನ ಪುಡಿಯಿದೆಯೆಂದು ಅದರ ಅರ್ಥ. ಮನೆಯ ಕುರ್ಚಿಗೂ ಇಂತಹ ಗುರುತನ್ನು ಒತ್ತಿದರೆ, ಅದು ಮುರಿದ ಮೇಲೆ ಎಲ್ಲಿ ಸೇರಬೇಕೆಂಬುದನ್ನು ನೀರನ್ನು ಕೇಳಬೇಕಾಗಿಲ್ಲ.