ಕರಡಿಗೆಯ ಮಗ್ಗುಲಲ್ಲಿ ತಾಯತ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಮಳೆ ಬಂದರೆ ಮಾತ್ರ ಮೈದುಂಬುವ ಡೋಣಿ, ಈ ಮೂರು ನೀರುಗಳ ಆಸರೆಯಲ್ಲಿ ಕರಿಯೆರೆಯ ಹೊಲಗಳನ್ನು ಹಾಸಿಕೊಂಡಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ, ಬಾವಿಯ ದಂಡೆಯ ಮೇಲೆ ಅಂಗಿ ಕಳಚಿ ಸ್ನಾನಕ್ಕೆ ನಿಂತ ನಡುವಯಸ್ಸಿನ ರೈತನೊಬ್ಬನ ಕೊರಳನ್ನು ನೋಡಿದವರಿಗೆ, ಈ ನಾಡಿನ ಧರ್ಮೇತಿಹಾಸದ ಬಹುಭಾಗವು ಅಲ್ಲಿಯೇ ಸಂಗ್ರಹವಾಗಿರುವಂತೆ ತೋರಿದರೆ ಆಶ್ಚರ್ಯವಿಲ್ಲ. ಶಿವದಾರದಲ್ಲಿ ತೂಗುವ, ಇಷ್ಟಲಿಂಗವನ್ನಿಟ್ಟ ಬೆಳ್ಳಿಯ ಕರಡಿಗೆ. ಅದರ ಮಗ್ಗುಲಲ್ಲಿಯೇ ಕರಿದಾರಕ್ಕೆ ಪೋಣಿಸಿದ ತಾಮ್ರದ ತಾಯತ. ರಟ್ಟೆಯಲ್ಲಿ ಗಾಣಗಾಪುರದಿಂದ ತಂದ ದಾರ. ಮೊಹರಮ್ಮಿನ ದಿನಗಳಾದರೆ ಅಲಾಯಿ ದೇವರ ಹೆಸರಿನ ಕೆಂಪು ಲಾಡಿ. ಇವು ಒಂದರೊಡನೊಂದು ಜಗಳವಾಡಿದುದನ್ನು ಕಂಡವರಿಲ್ಲ. ಇವುಗಳ ಪರವಾಗಿ ಜಗಳವಾಡಿದವರು ಪಂಡಿತರು ಮಾತ್ರ.

ಈ ಸಹವಾಸವು ಬೇರೆ ಸೀಮೆಯಲ್ಲಿ ಕಂಡುಬಂದಿದ್ದರೆ ಅಷ್ಟಾಗಿ ಬೆರಗಿನದಾಗುತ್ತಿರಲಿಲ್ಲ. ಆದರೆ ಇದು ಬಸವಣ್ಣನವರ ಜನ್ಮಭೂಮಿ. 12ನೆಯ ಶತಮಾನದಲ್ಲಿ ಕ್ಷುದ್ರದೈವಗಳ ಆರಾಧನೆಯನ್ನೂ ಶಕುನ ಮುಹೂರ್ತಗಳ ಗೊಡವೆಯನ್ನೂ ಅವರಷ್ಟು ನಿರ್ದಾಕ್ಷಿಣ್ಯವಾಗಿ ಖಂಡಿಸಿದವರು ವಿರಳ; ಆ ಖಂಡನೆಯ ಮಾತುಗಳನ್ನು ತಾಳೆಯೋಲೆಗಳಿಂದ ಬಿಡಿಸಿ ‘ವಚನಶಾಸ್ತ್ರಸಾರ’ವೆಂಬ ಹೆಸರಿನಿಂದ 1923ರಲ್ಲಿ ನಾಡಿನ ಮುಂದಿಟ್ಟ ಫ.ಗು. ಹಳಕಟ್ಟಿಯವರು ನೆಲೆನಿಂತದ್ದೂ ಇದೇ ಜಿಲ್ಲೆಯ ವಿಜಯಪುರದಲ್ಲಿ. ಆದರೂ ಭೀಮಕವಿಯು 1369ರಲ್ಲಿ ಬರೆದು ಮುಗಿಸಿದ ಬಸವಪುರಾಣವನ್ನು ತೆರೆದು ನೋಡಿದರೆ, ಬಸವಣ್ಣನವರ ಜನನವೇ ತಾಯಿ ಮಾದಲಾಂಬಿಕೆಯು ನಂದಿಯನ್ನು ಕುರಿತು ಆಚರಿಸಿದ ವ್ರತದ ಫಲ. ಕಂಡಕಂಡ ದೈವಗಳಿಗೆ ಕೈಯೊಡ್ಡಬೇಡಿರೆಂದ ಮಹಾಪುರುಷನು ಪುರಾಣದ ಬಾಯಲ್ಲಿ ತಾನೇ ಒಂದು ಬೇಡಿಕೆಯ ಈಡೇರಿಕೆಯಾದನು. ಬಾಗೇವಾಡಿಯ ಮೂಲನಂದೀಶ್ವರನ ಶ್ರಾವಣದ ಜಾತ್ರೆಯಲ್ಲಿ ಇಂದಿಗೂ ಸಂತಾನಕ್ಕೆ, ಎತ್ತಿನ ಕ್ಷೇಮಕ್ಕೆ, ಮಳೆಗೆ ಬೇಡಿಕೊಳ್ಳುವವರ ಸಾಲು ತೀರದು.

ಇದನ್ನು ಜನರ ಅಜ್ಞಾನವೆಂದು ಕರೆದು ಪ್ರಕರಣವನ್ನು ಮುಗಿಸಿಬಿಡುವುದು ಸುಲಭ. ಅದು ನನಗೆ ಒಪ್ಪಿಗೆಯಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವನು ಅದರಿಂದ ಜ್ವರ ಇಳಿಯಲೆಂದಾಗಲಿ, ಎಮ್ಮೆ ಹಾಲು ಕೊಡಲೆಂದಾಗಲಿ ಕೇಳುವುದಿಲ್ಲ. ಅಷ್ಟು ದೊಡ್ಡದಕ್ಕೆ ಅಷ್ಟು ಸಣ್ಣ ಗೊಡವೆಯನ್ನು ಹಚ್ಚಬಾರದೆಂಬ ಒಂದು ಮರ್ಯಾದೆ ಅವನಲ್ಲಿದೆ. ಸಣ್ಣ ಗೊಡವೆಗೆ ಸಣ್ಣ ದೈವ, ಈ ವಾರದ ಭಯಕ್ಕೆ ಈ ವಾರದ ದಾರ. ಬಸವಣ್ಣನವರು ಒಂದೇ ದೇವರನ್ನು ಕೊಟ್ಟರು. ಜನರು ಆತನನ್ನು ಸ್ವೀಕರಿಸಿದರು, ಆದರೆ ಹಳೆಯ ಸಿಬ್ಬಂದಿಯನ್ನು ಕೆಲಸದಿಂದ ಬಿಡಿಸಲಿಲ್ಲ.

ತಾಯತದ ಒಳಗೇನಿದೆಯೆಂದು ಬಿಚ್ಚಿ ನೋಡುವವರು ಕಡಿಮೆ; ಬಿಚ್ಚಿದರೆ ಗುಣ ಹೋಗುವುದೆಂಬುದೇ ಅದರ ಪ್ರಥಮ ನಿಯಮ. ತಾಮ್ರದ ಅಥವಾ ಬೆಳ್ಳಿಯ ಗಿಡ್ಡ ಕೊಳವೆ, ಇಲ್ಲವೆ ಚಪ್ಪಟೆಯಾದ ಸಣ್ಣ ಡಬ್ಬಿ. ಅದರೊಳಗೆ ಸುರುಳಿ ಸುತ್ತಿದ ತಗಡು ಅಥವಾ ಕಾಗದ. ಅದರ ಮೇಲೆ ಚೌಕಗಳನ್ನು ಕೊರೆದು ತುಂಬಿದ ಅಂಕಿಗಳು, ಬೀಜಾಕ್ಷರಗಳು, ಮುಲ್ಲಾನ ಕೈಯದಾದರೆ ಅರಬೀ ಲಿಪಿಯ ಸಾಲುಗಳು. ಬಾಯಿಗೆ ಮೇಣ, ಮೇಲೆ ಲೋಬಾನದ ಹೊಗೆ, ಕಟ್ಟುವುದಕ್ಕೆ ಅಮಾವಾಸ್ಯೆ. ಕೂಸು ರಾತ್ರಿಯಿಡೀ ಅತ್ತರೆ “ದಿಟ್ಟಿ ಆಗ್ಯದ”, ಬಾಣಂತಿ ನಿದ್ರೆಯಲ್ಲಿ ಬೆಚ್ಚಿಬಿದ್ದರೆ “ಗಾಳಿ ಸೋಕ್ಯದ” ಎಂದು ಮನೆಯ ಹಿರಿಯ ಆಯಿ ನಿರ್ಣಯ ಕೊಡುತ್ತಾಳೆ. ಮುಂದೆ ಹೋಗಬೇಕಾದುದು ಮಠದ ಅಯ್ಯನವರ ಹತ್ತಿರವೋ, ಗುಡಿಯ ಪೂಜಾರಿಯ ಹತ್ತಿರವೋ, ದರ್ಗಾದ ಮುಲ್ಲಾನ ಹತ್ತಿರವೋ ಎಂಬುದು ಜಾತಿಯನ್ನು ಅವಲಂಬಿಸಿದುದಲ್ಲ. ಯಾರ ಕೈಗುಣ ಚೆನ್ನಾಗಿದೆ ಎಂಬ ಊರ ಅಭಿಪ್ರಾಯವನ್ನು ಅವಲಂಬಿಸಿದುದು. ಮಧ್ಯಾಹ್ನ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದ ತಾಯಿ ಸಂಜೆ ಹಣಮಪ್ಪನ ಗುಡಿಯ ಅಂಗಾರವನ್ನು ಅದೇ ಕೂಸಿನ ಹಣೆಗೆ ಹಚ್ಚುತ್ತಾಳೆ.

ನಮ್ಮ ಹಿರಿಯರು ಸಯಾಮವೆಂದು ಕರೆಯುತ್ತಿದ್ದ ಥಾಯ್ಲೆಂಡಿನಲ್ಲಿಯೂ ಲೋಹದ ತಗಡಿನ ಮೇಲೆ ಮಂತ್ರಾಕ್ಷರ ಕೊರೆದು ಸುರುಳಿ ಸುತ್ತಿ ಧರಿಸುವ ‘ತಕ್ರುತ್’ ಎಂಬುದೊಂದುಂಟು. ತಂದು ಇಂಡಿಯ ಸಂತೆಯಲ್ಲಿಟ್ಟರೆ ನಮ್ಮದೇ ಎಂದು ಜನ ಕೊಂಡಾರು. ಆದರೆ ಅಲ್ಲಿ ಇದಕ್ಕಿಂತ ಮಿಗಿಲಾದ ಪ್ರತಿಷ್ಠೆಯಿರುವುದು ಭಿಕ್ಷುಗಳು ಅಚ್ಚೊತ್ತಿ ಅಭಿಮಂತ್ರಿಸಿದ ಬೆರಳಗಲದ ಬುದ್ಧಬಿಂಬಗಳಿಗೆ. ಬ್ಯಾಂಕಾಕಿನ ವಾತ್ ರಖಾಂಗ್ ವಿಹಾರದ ಸೋಮ್‌ದೆತ್ ತೋ (1788–1872) ಎಂಬ ಮಹಾಸ್ಥವಿರರು ಮಾಡಿದವೆನ್ನಲಾದ ಬಿಂಬಗಳಿಗೆ ಇಂದು ಮನೆಮಾರುಗಳ ಬೆಲೆ. ಅವನ್ನು ಪರೀಕ್ಷಿಸುವ ತಜ್ಞರುಂಟು, ಅವುಗಳಿಗಾಗಿಯೇ ಹೊರಡುವ ಪತ್ರಿಕೆಗಳುಂಟು, ನದಿಯ ದಂಡೆಯ ಥಾ ಫ್ರಾಚಾನ್ ಪೇಟೆಯಲ್ಲಿ ಭೂತಗನ್ನಡಿ ಹಿಡಿದು ವ್ಯಾಪಾರ ಮಾಡುವವರುಂಟು. 2007ರ ಸುಮಾರಿಗೆ ‘ಜತುಕಾಮ್’ ಎಂಬ ದೊಡ್ಡ ಬಿಲ್ಲೆಯ ಹುಚ್ಚು ಅಲ್ಲಿ ಎಷ್ಟರ ಮಟ್ಟಿಗೆ ಏರಿತೆಂದರೆ ಅದನ್ನು ಕೊಳ್ಳುವ ನೂಕುನುಗ್ಗಲಿನಲ್ಲಿ ಜೀವಹಾನಿಯೇ ಆಯಿತು. ಸ್ವಲ್ಪ ಕಾಲದಲ್ಲಿಯೇ ಬೆಲೆಯು ಪಾತಾಳಕ್ಕಿಳಿಯಿತು. ನಮ್ಮ ತಾಯತಕ್ಕೆ ಇಂಥ ವೈಭವವೂ ಇಲ್ಲ, ಇಂಥ ಪತನವೂ ಇಲ್ಲ. ಅದು ಒಬ್ಬನ ಹೆಸರಿನಲ್ಲಿ ಕಟ್ಟಿದ್ದು; ಅವನಿಗೆ ಸಾಕಾದಾಗ ಹರಿಯುವ ನೀರಿಗೆ ಸೇರಬೇಕಾದದ್ದು. ಮರುಮಾರಾಟವಿಲ್ಲದ ವಸ್ತುವಿಗೆ ಜೂಜು ಹತ್ತುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಬಡತನವು ನಮ್ಮನ್ನು ಕಾಪಾಡಿತೆಂದೇ ನನ್ನ ಎಣಿಕೆ.

ಇಂಡಿಯ ಮಾತು ಬಂದುದರಿಂದ ಲಿಂಬಿಹಣ್ಣನ್ನು ಬಿಟ್ಟು ಮುಂದೆ ಹೋಗಲಾಗದು. ಈ ತಾಲೂಕಿನ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲಿಯೇ ಇದೆ. ಗಾಡಿಗಟ್ಟಲೆ ಪೇಟೆಗೆ ಹೋಗುವ ಈ ಹಣ್ಣೇ ಊರೊಳಗೆ ಮತ್ತೊಂದು ಉದ್ಯೋಗವನ್ನು ನಡೆಸುತ್ತದೆ. ಹೊಸ ಟ್ರ್ಯಾಕ್ಟರಿನ ಗಾಲಿಯ ಕೆಳಗೆ ಅದು ಜಜ್ಜಿಹೋಗಬೇಕು. ಅಂಗಡಿಯ ಬಾಗಿಲಿಗೆ ಹಸಿಮೆಣಸಿನಕಾಯಿಯ ಜೊತೆ ತೂಗಬೇಕು. ಬೇನೆ ಬಿದ್ದವನ ಸುತ್ತ ನಿವಾಳಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಮೂರು ದಾರಿ ಕೂಡುವಲ್ಲಿ ಹೋಗಿ ಬೀಳಬೇಕು. ಬೆಳಗಿನಲ್ಲಿ ಅದನ್ನು ದಾಟದೆ ಬಳಸಿಕೊಂಡು ಹೋಗುವ ಶಾಲೆಯ ಹುಡುಗರಲ್ಲಿ ಲಿಂಬೆಯ ತೋಟದವರ ಮಕ್ಕಳೂ ಇರುತ್ತಾರೆ. ಎಷ್ಟೋ ದೃಷ್ಟಿಗಳನ್ನು ತನ್ನ ಮೇಲೆ ಎಳೆದುಕೊಳ್ಳುವ ಈ ಹಣ್ಣಿಗೆ, ಪೇಟೆಯ ದರವು ಕುಸಿದಾಗ ತಗಲುವ ದೃಷ್ಟಿಯನ್ನು ತೆಗೆಯುವ ಪೂಜಾರಿ ಮಾತ್ರ ಈವರೆಗೆ ಹುಟ್ಟಿಲ್ಲ.

ಕೂಸುಗಳ ರಕ್ಷೆಯ ವಿಷಯವು ಎಲ್ಲರಿಗೂ ತಿಳಿದದ್ದು: ಉಡಿದಾರ, ಕರಿಮಣಿ, ಬಜೆಯ ತುಂಡು, ಕೆನ್ನೆಯ ಮೇಲಿನ ಕಾಡಿಗೆಯ ಬೊಟ್ಟು, ತೊಟ್ಟಿಲಿನ ತಲೆದೆಸೆಗೆ ಕಬ್ಬಿಣದ ತುಣುಕು. ಹೆರಿಗೆಯ ಐದನೆಯ ದಿನ ಸಟವಿಯೆಂಬ ದೇವತೆಯು ಬಂದು ಹಣೆಬರಹ ಬರೆಯುತ್ತಾಳೆಂದೂ ಆ ಬರಹವನ್ನು ಅಳಿಸಲಾಗದೆಂದೂ ನಂಬುವ ಅದೇ ಮನೆಯವರು, ಬರಹವನ್ನು ತಿದ್ದಲೆಂಬಂತೆ ತಾಯತವನ್ನೂ ಕಟ್ಟುತ್ತಾರೆ; ತರ್ಕಕ್ಕೆ ಇದು ವಿರೋಧ, ತಾಯ್ತನಕ್ಕಲ್ಲ. ಹಿಂದೆ ಉಳ್ಳವರ ಮಕ್ಕಳ ಕೊರಳಿಗೆ ಹುಲಿಯುಗುರು ಇರುತ್ತಿತ್ತು. 2023ರಲ್ಲಿ ದೂರದರ್ಶನದ ಸ್ಪರ್ಧೆಯೊಂದರ ಅಭ್ಯರ್ಥಿಯನ್ನು ಹುಲಿಯುಗುರಿನ ಪದಕಕ್ಕಾಗಿ ಅರಣ್ಯ ಇಲಾಖೆಯವರು ಬಂಧಿಸಿದಾಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೆಂಬುದೊಂದಿದೆಯೆಂದು ಎಷ್ಟೋ ಹಳೆಯ ಪೆಟ್ಟಿಗೆಗಳಿಗೆ ಮೊದಲ ಸಲ ತಿಳಿಯಿತು.

ಆದರೆ ಈ ಸೀಮೆಯ ನಂಬಿಕೆಗಳ ಜೀವಾಳವಿರುವುದು ಕೊರಳಲ್ಲಲ್ಲ, ಹೊಲದಲ್ಲಿ. ಎಳ್ಳ ಅಮಾವಾಸ್ಯೆಯ ದಿನ, ಬಿಳಿಜೋಳವು ಆಳೆತ್ತರ ನಿಂತಿರುವಾಗ, ಮನೆಮಂದಿಯೆಲ್ಲ ಸಜ್ಜಿಯ ಕಡುಬು, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾದ ಹೋಳಿಗೆ, ಪುಂಡಿಪಲ್ಯ, ಭಜ್ಜಿಗಳ ಬುತ್ತಿ ಕಟ್ಟಿಕೊಂಡು ಗಾಡಿ ಹೂಡಿ ಹೊಲಕ್ಕೆ ಹೋಗುತ್ತಾರೆ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ನಿಲ್ಲಿಸಿ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ತಂದ ಅಡಿಗೆಯಲ್ಲಿ ಒಂದು ಭಾಗವನ್ನು ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಕೂಗುತ್ತ ಚೆಲ್ಲುತ್ತಾರೆ. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಭೂಮಿತಾಯಿಯು ತುಂಬಿದ ಬಸುರಿ, ಅವಳ ಬಯಕೆಯನ್ನು ತೀರಿಸಬೇಕು. ಜೊತೆಗೆ ಆ ನೆಲದಲ್ಲಿ ನಮಗಿಂತ ಮೊದಲೇ ಇದ್ದವರಿಗೂ ಒಂದು ತುತ್ತು ಸಲ್ಲಬೇಕು. ಪಹಣಿಯಲ್ಲಿ ಯಾರ ಹೆಸರಿದ್ದರೂ ಹೊಲಕ್ಕೆ ಕಾಣದ ಒಡೆಯನೊಬ್ಬನಿದ್ದಾನೆ ಎಂಬ ಈ ಭಾವನೆಯು ನನಗೆ ಬಹಳ ಸುಸಂಸ್ಕೃತವಾದುದಾಗಿ ತೋರುತ್ತದೆ.

ಥಾಯ್ ಜನರು ಇದೇ ಭಾವನೆಗೆ ಕಟ್ಟಡದ ರೂಪ ಕೊಟ್ಟಿದ್ದಾರೆ. ಮನೆ ಕಟ್ಟುವಾಗ ಆ ನೆಲದ ಅಧಿದೈವವನ್ನು ಒಕ್ಕಲೆಬ್ಬಿಸಿದಂತಾಗುವುದರಿಂದ, ಮನೆಯ ನೆರಳು ಬೀಳದ ಮೂಲೆಯಲ್ಲಿ ಕಂಬದ ಮೇಲೊಂದು ಪುಟ್ಟ ಮನೆಯನ್ನು ಅದಕ್ಕೂ ಕಟ್ಟಿ ಅನ್ನ, ಹೂ, ಕೆಂಪು ಶರಬತ್ತನ್ನು ಇಡುತ್ತಾರೆ. ಬ್ಯಾಂಕಾಕಿನಲ್ಲಿ ಎರಾವಾನ್ ಎಂಬ ದೊಡ್ಡ ಹೋಟೆಲನ್ನು ಕಟ್ಟುವಾಗ ಮೇಲಿಂದ ಮೇಲೆ ವಿಘ್ನಗಳುಂಟಾಗಿ, ಜ್ಯೋತಿಷಿಯ ಸಲಹೆಯಂತೆ 1956ರಲ್ಲಿ ಚತುರ್ಮುಖ ಬ್ರಹ್ಮನ ಗುಡಿಯೊಂದನ್ನು ಅಲ್ಲಿ ಸ್ಥಾಪಿಸಿದರು. ನಮ್ಮಲ್ಲಿ ಗುಡಿಯೇ ಅಪರೂಪವಾದ ಬ್ರಹ್ಮನು ಅಲ್ಲಿ ಬೇಡಿದ್ದನ್ನು ಕೊಡುವ ದೇವರಾಗಿ, ಬೇಡಿಕೆ ತೀರಿದವರು ಒಪ್ಪಿಸುವ ನೃತ್ಯವನ್ನು ನೋಡುತ್ತ ಕುಳಿತಿದ್ದಾನೆ.

ಕಾರಹುಣ್ಣಿಮೆಯದು ಇನ್ನೊಂದು ಬಗೆ. ಸಿಂಗರಿಸಿದ ಎತ್ತುಗಳನ್ನು ಅಗಸಿಯ ಮುಂದೆ ಓಡಿಸಿ ಕರಿ ಹರಿಯುವಾಗ, ಬಿಳಿಯ ಎತ್ತು ಮುಂದಾದರೆ ಹಿಂಗಾರಿಯ ಬಿಳಿಜೋಳ ಹುಲುಸು, ಕೆಂದೆತ್ತು ಮುಂದಾದರೆ ಮುಂಗಾರಿ ಹುಲುಸು. ಎತ್ತಿನ ಬಣ್ಣಕ್ಕೂ ಮೋಡಕ್ಕೂ ಏನು ಸಂಬಂಧವೆಂದು ಕೇಳಬಹುದು. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ, ಅದೂ ಯಾವ ವಾರ ಬಿದ್ದೀತೆಂದು ತಿಳಿಯದ, 1876–78ರ ಮಹಾಕ್ಷಾಮದಲ್ಲಿ ಊರಿಗೆ ಊರೇ ಬರಿದಾದುದನ್ನು ಕಂಡ ಈ ಜಿಲ್ಲೆಯಲ್ಲಿ, ಬಿತ್ತುವವನಿಗೆ ಯಾವುದಾದರೊಂದು ನಿರ್ಧಾರ ಬೇಕು. ಎತ್ತು ಅದನ್ನು ಮಾಡಿಕೊಡುತ್ತದೆ.

ಭಯವು ಮೈಯೊಳಗೆ ಇಳಿದಾಗ ದಾರವು ಸಾಲದು, ದಾರಿ ಹಿಡಿಯಬೇಕಾಗುತ್ತದೆ. ಸಿಂದಗಿ, ಇಂಡಿಗಳ ಜನರು ಭೀಮೆಯನ್ನು ದಾಟಿದರೆ ಅಫಜಲಪುರ ತಾಲೂಕಿನ ಎರಡು ಕ್ಷೇತ್ರಗಳು ಸಿಗುತ್ತವೆ. ಒಂದು ಘತ್ತರಗಿ, ಅಲ್ಲಿಯ ದೇವಿಯ ಹೆಸರೇ ಭಾಗ್ಯವಂತಿ. ಇನ್ನೊಂದು ಭೀಮಾ ಅಮರಜಾ ಸಂಗಮದ ಗಾಣಗಾಪುರ. 15ನೆಯ ಶತಮಾನದ ನರಸಿಂಹ ಸರಸ್ವತಿ ಯತಿಗಳ ಪಾದುಕೆಗಳ ಮುಂದೆ ಮಧ್ಯಾಹ್ನದ ಮಹಾಮಂಗಳಾರತಿಯ ಗಂಟೆ ಮೊಳಗಿದೊಡನೆ, ದೆವ್ವ ಬಡಿದವರೆಂದು ಕರೆತಂದವರು ಕಿರುಚುವುದನ್ನೂ ಕಂಬವೇರುವುದನ್ನೂ ಗಂಟೆ ನಿಂತಾಗ ಕುಸಿದು ಕುಳಿತುಕೊಳ್ಳುವುದನ್ನೂ ಯಾರಾದರೂ ನೋಡಬಹುದು. ಅವರಲ್ಲಿ ಹೆಂಗಸರು, ಅದರಲ್ಲಿಯೂ ಹೊಸದಾಗಿ ಗಂಡನ ಮನೆಗೆ ಬಂದವರು ಎಷ್ಟು ಮಂದಿಯೆಂದು ಗಮನಿಸಿದರೆ, ಮನೆಯಲ್ಲಿ ಆಡಲಾಗದ ಮಾತಿಗೆ ಅಲ್ಲೊಂದು ಅನುಮತಿ ದೊರೆಯುತ್ತಿದೆಯೆಂದು ಊಹಿಸುವುದು ಕಷ್ಟವಲ್ಲ. ಗಡಿಯಾಚೆ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಶಿವಪಾರ್ವತಿಯರೇ ಬಂದು ಮಾಳಿಂಗರಾಯನ ಗುಡಿಯ ಶಿಖರಕ್ಕೆ ಮುಂಡಾಸು ಸುತ್ತುತ್ತಾರೆಂಬ ನಂಬಿಕೆಯಿಂದ ಹಾಲುಮತದ ಭಕ್ತರು ಈ ನಾಲ್ಕೂ ತಾಲೂಕುಗಳಿಂದ ಭಂಡಾರ ಹಿಡಿದು ಹೋಗುತ್ತಾರೆ. ಅಲ್ಲಿ ಭಯವಿಲ್ಲ, ಬರಿಯ ಹಬ್ಬ.

ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿಯು ಟ್ರೋಬ್ರಿಯಾಂಡ್ ದ್ವೀಪದ ಮೀನುಗಾರರನ್ನು ಕುರಿತು, ಶಾಂತವಾದ ಹಿನ್ನೀರಿನಲ್ಲಿ ಮಂತ್ರವಿಲ್ಲದೆ ಬಲೆ ಬೀಸುವ ಅವರೇ ತೆರೆದ ಕಡಲಿಗೆ ಹೋಗುವಾಗ ಮಾತ್ರ ಮಂತ್ರವನ್ನು ಆಶ್ರಯಿಸುತ್ತಾರೆಂದು ಬರೆದನು. ಹಾಗಾದರೆ 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟು ಮುಗಿದು, ಬಾಗೇವಾಡಿ ಮುದ್ದೇಬಿಹಾಳಗಳ ಹೊಲಗಳಿಗೆ ಕಾಲುವೆಯ ನೀರು ಹರಿದ ಮೇಲೆ ತಾಯತವು ಸವೆಯಬೇಕಾಗಿತ್ತು. ಸವೆಯಲಿಲ್ಲ. ಮೋಡದ ಅನಿಶ್ಚಯವು ಹಿಂದೆ ಸರಿದ ಜಾಗಕ್ಕೆ ಕೊಳವೆಬಾವಿಯ, ಸಾಲದ, ಪೇಟೆಯ ದರದ, ಮಗನ ನೌಕರಿಯ ಅನಿಶ್ಚಯಗಳು ಬಂದು ಕುಳಿತವು. ಇಂದು ಬಿ.ಎಸ್‌ಸಿ. ಓದಿದ ತರುಣನೂ ಬೋರು ಹಾಕಿಸುವ ಮುನ್ನ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವನನ್ನು ಕರೆಸುತ್ತಾನೆ. ಲಕ್ಷಗಟ್ಟಲೆ ಸಾಲ ಮಾಡಿ ನೆಲಕ್ಕೆ ತೂತು ಕೊರೆಯುವವನನ್ನು ಕಂಡು ನಗುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ.

ಆದರೆ ಭಯಪಟ್ಟವನು ಬೇರೆ, ಭಯವನ್ನು ಮಾರುವವನು ಬೇರೆ. ಆ ಎರಡನೆಯವನ ಮೇಲೆ ಕಾನೂನು ಬೇಕೆಂಬ ಚರ್ಚೆ 2014ರಲ್ಲಿ ಬೆಂಗಳೂರಿನಲ್ಲಿ ನಡೆದಾಗ ಆಡಿದ ಮಾತಿಗಾಗಿ ಪ್ರತಿಭಟನೆಯನ್ನೆದುರಿಸಿದ ಸಂಶೋಧಕ ಎಂ.ಎಂ. ಕಲಬುರ್ಗಿಯವರು ಇದೇ ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದವರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಅಧಿನಿಯಮಕ್ಕೆ ವಿಧಾನಮಂಡಲವು 2017ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಕರಿದಾರ ಕಟ್ಟಿಕೊಂಡವನನ್ನು ಅದು ಮುಟ್ಟುವುದಿಲ್ಲ, ಚರಗ ಚೆಲ್ಲುವವನನ್ನು ತಡೆಯುವುದಿಲ್ಲ, ಜ್ಯೋತಿಷಿಯನ್ನೂ ವಾಸ್ತು ಹೇಳುವವನನ್ನೂ ಅದು ಹೊರಗಿಟ್ಟಿದೆ. ದೆವ್ವ ಬಿಡಿಸುವೆನೆಂದು ಹೊಡೆಯುವುದು, ಕಟ್ಟಿಹಾಕುವುದು ಅಪರಾಧ. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗಗೊಡದೆ ಮಂತ್ರ ಹಾಕುವುದು, ದಾರ ಕಟ್ಟುವುದು ಕೂಡ ಅಪರಾಧ. ಕಚ್ಚಿದೊಡನೆ ತಾಲೂಕಿನ ಸರಕಾರಿ ಆಸ್ಪತ್ರೆಗೆ ಮೊದಲು ಹೋಗಿರಿ. ತಾಯತ ಕಟ್ಟಿಸುವುದಿದ್ದರೆ ಚುಚ್ಚುಮದ್ದು ಆದ ಮೇಲೆ ಕಟ್ಟಿಸಿಕೊಳ್ಳಬಹುದು.