ಭರಣಿಯ ಬಾಯಿಗೆ ಬಟ್ಟೆ ಕಟ್ಟುವ ಮುನ್ನ

ಉಪ್ಪಿನಕಾಯಿ ಎಷ್ಟು ಹಳೆಯದೋ ಅಷ್ಟು ರುಚಿ ಎಂಬುದು ಲೋಕದ ಮಾತು. ಅಜ್ಜಿ ಹಾಕಿದ ಮಿಡಿ ಮೂರು ಮಳೆಗಾಲ ಕಂಡಿದೆ ಎಂದು ಹೆಮ್ಮೆಪಡುವ ಮನೆಗಳು ನಾಡಿನಲ್ಲಿ ಬಹಳ. ಆದರೆ ಯಾವ ಹಳತನ ಲೋಕಕ್ಕೆ ಹೆಮ್ಮೆಯೋ ಅದೇ ಹಳತನ ಜಿನಧರ್ಮದಲ್ಲಿ ಶಂಕೆಗೆ ಕಾರಣ. ಶ್ರಾವಕನು ವರ್ಜಿಸಬೇಕಾದ 22 ಅಭಕ್ಷ್ಯಗಳಲ್ಲಿ 'ಸಂಧಾನ' ಎಂಬುದೂ ಒಂದು. ಸಂಧಾನವೆಂದರೆ ಉಪ್ಪಿನಕಾಯಿ. ದಿಗಂಬರ ಪರಂಪರೆಯಲ್ಲಿ ಅದರ ಕಾಲಮರ್ಯಾದೆ ಇಪ್ಪತ್ತನಾಲ್ಕು ಗಂಟೆ. ಅಂದು ಮಾಡಿದ್ದನ್ನು ಅಂದೇ ಉಂಡು ಮುಗಿಸಬೇಕು.

13ನೆಯ ಶತಮಾನದ ಪಂಡಿತ ಆಶಾಧರರು 'ಸಾಗಾರಧರ್ಮಾಮೃತ'ದಲ್ಲಿ ಈ ವಿಷಯವನ್ನು ಎತ್ತುವ ಸ್ಥಳವೇ ವಿಚಾರಯೋಗ್ಯವಾದುದು. ಅವರು ಇದನ್ನು ಹೇಳುವುದು ಮದ್ಯತ್ಯಾಗದ ಪ್ರಸಂಗದಲ್ಲಿ. ಹೆಂಡವನ್ನು ಬಿಟ್ಟೆನೆನ್ನುವವನು ಸಂಧಾನವನ್ನೂ, ಎರಡು ದಿನ ಕಳೆದ ಮೊಸರು ಮಜ್ಜಿಗೆಗಳನ್ನೂ, ಮೇಲೆ ಬಿಳಿಯ ಹೂವು ಕಟ್ಟಿದ ಹುಳಿಗಂಜಿಯನ್ನೂ ಬಿಡಬೇಕು. ಇಲ್ಲದಿದ್ದರೆ ಆ ವ್ರತಕ್ಕೆ ಮಲ ತಟ್ಟುತ್ತದೆ ಎಂಬುದು ಅವರ ಅಭಿಪ್ರಾಯ. ಹೆಂಡದ ಮಡಕೆಗೂ ಉಪ್ಪಿನಕಾಯಿಯ ಭರಣಿಗೂ ಏನು ನಂಟು ಎಂದು ಓದುಗರಿಗೆ ಅನಿಸಬಹುದು. ನಂಟು ಇರುವುದು ಹುಳಿಯುವ ಕ್ರಿಯೆಯಲ್ಲಿ.

ಮಿಡಿಯ ತೊಟ್ಟು ಮುರಿದು, ಸೊನೆ ಒರೆಸಿ, ಹರಳುಪ್ಪಿನೊಡನೆ ಪದರಪದರವಾಗಿ ಭರಣಿಗೆ ತುಂಬುತ್ತಾರೆ. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಕೆಲವು ದಿನಗಳಲ್ಲಿ ಮಿಡಿ ಚಿರುಟಿ, ತನ್ನದೇ ನೀರಿನಲ್ಲಿ ಮುಳುಗುತ್ತದೆ. ಉಪ್ಪನ್ನು ತಾಳಬಲ್ಲ ಅತಿಸೂಕ್ಷ್ಮ ಜೀವಿಗಳು ಆ ನೀರಿನಲ್ಲಿ ಬೆಳೆದು ಹಣ್ಣಿನ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ. ಒದ್ದೆ ಸೌಟು ತಾಗಿದರಂತೂ ಮೇಲೆ ಬೂಷ್ಟು ಕಟ್ಟುವುದನ್ನು ಬರಿಗಣ್ಣೇ ಕಾಣುತ್ತದೆ. ಇದನ್ನು ಹಿಡಿದು 'ನೋಡಿ, ವಿಜ್ಞಾನವೇ ನಮ್ಮ ಆಗಮವನ್ನು ಒಪ್ಪಿತು' ಎಂದು ಬೀಗುವವರೂ ಉಂಟು. ಅದು ಅನಾವಶ್ಯಕ. ಶಾಸ್ತ್ರದ ಜೀವವಿಭಾಗ ಬೇರೆ, ಪ್ರಯೋಗಶಾಲೆಯ ವರ್ಗೀಕರಣ ಬೇರೆ. ಆಚಾರ್ಯರು ಗಮನಿಸಿದ್ದು ಇಷ್ಟನ್ನೇ: ತೇವವೂ ಕಾಲವೂ ಕೂಡಿದಲ್ಲಿ ಜೀವೋತ್ಪತ್ತಿ ತಪ್ಪದು. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಎಂದು ಮರ್ಯಾದೆ ಇಟ್ಟದ್ದೂ ಇದೇ ಗಮನದಿಂದ.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಒಣಗಿದ್ದು, ಬೆಂದದ್ದು, ಕಾದದ್ದು, ಹುಳಿ ಉಪ್ಪು ಬೆರೆತದ್ದು ಪ್ರಾಸುಕ ಎಂದು ಶಾಸ್ತ್ರವೇ ಹೇಳುತ್ತದಲ್ಲ. ಹಾಗಾದರೆ ಉಪ್ಪಿನಲ್ಲಿ ಮುಳುಗಿದ ಮಿಡಿಗೆ ಏನು ದೋಷ? ಉಪ್ಪು ಸೇರಿದ ಮಿಡಿ ಆ ಹೊತ್ತಿಗೆ ಅಚಿತ್ತವಾದದ್ದು ನಿಜ. ಆದರೆ ಒಮ್ಮೆ ಪ್ರಾಸುಕವಾದದ್ದು ಎಂದೆಂದಿಗೂ ಪ್ರಾಸುಕವಾಗಿ ಉಳಿಯುವುದಿಲ್ಲ. ಕಾಯಿಸಿದ ನೀರಿಗೂ ಒಂದು ದಿನದ ಗಡುವು ಇದೆ. ಒದ್ದೆಯಾಗಿಯೇ ತಿಂಗಳುಗಟ್ಟಲೆ ಕೂತ ಭರಣಿಗೆ ಗಡುವು ಬೇಡವೆಂದರೆ ನ್ಯಾಯವಾಗದು.

ಹಾಗೆಂದು ಎಲ್ಲ ಜೈನರ ಮನೆಯಲ್ಲೂ ಭರಣಿಗಳು ಬರಿದಾಗಿವೆ ಎಂದು ಬರೆದರೆ ಸುಳ್ಳಾಗುತ್ತದೆ. ಆಶಾಧರರೇ ಶ್ರಾವಕರನ್ನು ಪಾಕ್ಷಿಕ, ನೈಷ್ಠಿಕ, ಸಾಧಕ ಎಂದು ಮೂರು ಬಗೆಯಾಗಿ ಕಂಡವರು. ಧರ್ಮದ ಪಕ್ಷವನ್ನು ಹಿಡಿದವನು, ಪ್ರತಿಮೆಗಳನ್ನು ಏರುತ್ತಿರುವವನು, ಸಲ್ಲೇಖನದ ಹಾದಿಗೆ ಬಂದವನು ಎಂಬ ಈ ಮೆಟ್ಟಿಲುಗಳು ಅನೇಕ ವೇಳೆ ಒಂದೇ ಅಡುಗೆಮನೆಯಲ್ಲಿ ಎದುರಾಗುತ್ತವೆ. ಅತ್ತೆ ಸಂಧಾನತ್ಯಾಗದ ನಿಯಮ ಪಡೆದಿರುತ್ತಾರೆ. ಉಪ್ಪಿನಕಾಯಿ ಇಲ್ಲದಿದ್ದರೆ ಮಜ್ಜಿಗೆ ಅನ್ನ ಮೊಮ್ಮಗನ ಗಂಟಲಿಗೆ ಇಳಿಯದು. ಮೊಮ್ಮಗಳು ಹಾಗಲಕಾಯಿಯ ಹೋಳನ್ನು ತಟ್ಟೆಯ ಅಂಚಿಗೆ ಸರಿಸುತ್ತಾಳೆ. ಮಗನಿಗೆ ಖಾರ ಆಗದು. ಹಿತ್ತಿಲಿನ ಮರವೋ ಯಾರ ಮರ್ಜಿಯನ್ನೂ ಕೇಳದೆ ಬುಟ್ಟಿಗಟ್ಟಲೆ ಮಿಡಿ ಉದುರಿಸುತ್ತದೆ. ಇವರೆಲ್ಲರ ನಡುವೆ ನಿಂತವಳು ಸೊಸೆ.

ಈ ಮನೆಯಲ್ಲಿ ಯಾರು ನಾಲಗೆಯ ಅಧೀನ ಎಂದು ಕೇಳಿದರೆ ಎಲ್ಲರೂ ಮೊಮ್ಮಗನತ್ತ ಬೆರಳು ತೋರುತ್ತಾರೆ. ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ವ್ರತ ಮತ್ತು ಹಠ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಇಬ್ಬರೂ 'ನನಗೆ ಅದು ಬೇಡ' ಎನ್ನುವವರೇ. ವ್ರತಿಯು ತನ್ನ ಬೇಡಿಕೆಯನ್ನು ಕಡಿಮೆ ಮಾಡಿಕೊಳ್ಳುತ್ತಾನೆ. ಹಠಮಾರಿಯು ಒಂದನ್ನು ಬಿಟ್ಟು ಅದರ ಬದಲಿಗೆ ಇನ್ನೊಂದನ್ನು ಕೇಳುತ್ತಾನೆ. ಹಿರಿಯರೊಬ್ಬರ ನಿಯಮದಿಂದ ಒಲೆಯ ಮೇಲಿನ ಪಾತ್ರೆಗಳು ಕಡಿಮೆಯಾದರೆ ಅದು ತ್ಯಾಗ. ಆ ನಿಯಮದ ಹೆಸರಿನಲ್ಲಿ ಬೇರೆ ಪಲ್ಯ, ಬೇರೆ ಸಾರು, ಬೇರೆ ಚಟ್ನಿ ಎಂದು ಪಾತ್ರೆಗಳು ಹೆಚ್ಚಿ, ಸೊಸೆಯ ಬೆನ್ನು ಬಾಗಿದರೆ ರಸನೇಂದ್ರಿಯವು ವ್ರತದ ವೇಷದಲ್ಲಿ ಒಳಗೆ ಬಂದಿದೆಯೇನೋ ಎಂದು ಆ ಹಿರಿಯರೇ ತಮ್ಮನ್ನು ಕೇಳಿಕೊಳ್ಳಬೇಕಾಗುತ್ತದೆ.

ಈ ಪ್ರಶ್ನೆಗೆ ಅಳತೆಗೋಲು ಮುನಿಗಳ ಆಹಾರಚರ್ಯೆಯಲ್ಲಿದೆ. ದಿನಕ್ಕೊಮ್ಮೆ, ನಿಂತು, ಕೈಗಳನ್ನೇ ಪಾತ್ರೆಯಾಗಿಸಿ, ವಿಧಿಪೂರ್ವಕವಾಗಿ ಕೊಟ್ಟದ್ದನ್ನು ಮೌನದಿಂದ ಸ್ವೀಕರಿಸುವ ಆ ಚರ್ಯೆಗೆ ಶಾಸ್ತ್ರಕಾರರು ಹಲವು ಹೆಸರಿಟ್ಟಿದ್ದಾರೆ. ಗೋಚರಿ ಎಂಬುದು ಒಂದು: ಹಸು ಹುಲ್ಲನ್ನು ನೋಡುತ್ತದೆಯೇ ಹೊರತು ಹುಲ್ಲು ತಂದವರ ಆಭರಣವನ್ನಲ್ಲ. ಗರ್ತಪೂರಣ ಎಂಬುದು ಇನ್ನೊಂದು: ಗುಂಡಿ ತುಂಬಲು ಮಣ್ಣಾದರೇನು, ಕಲ್ಲಾದರೇನು. ಅಕ್ಷಮ್ರಕ್ಷಣ ಎಂದರೆ ಬಂಡಿ ಸಾಗಲು ಅಚ್ಚಿಗೆ ಬೇಕಾದಷ್ಟೇ ಎಣ್ಣೆ ಸವರುವುದು. ಇದಕ್ಕಿಂತ ಮುಖ್ಯವಾದದ್ದು, ತಮಗೆಂದೇ ಸಿದ್ಧಪಡಿಸಿದ ಉದ್ದಿಷ್ಟ ಆಹಾರವನ್ನು ಮುನಿಗಳು ಸ್ವೀಕರಿಸುವುದಿಲ್ಲ. ಗೃಹಸ್ಥನು ಅಷ್ಟು ಎತ್ತರ ಏರಲಾರ. ಆದರೂ ತನ್ನೊಬ್ಬನಿಗಾಗಿ ಇನ್ನೊಂದು ಒಲೆ ಉರಿಯದಂತೆ ನೋಡಿಕೊಳ್ಳುವುದು ಅವನಿಗೂ ಸಾಧ್ಯವಿದೆ.

ಮಕ್ಕಳ ವಿಷಯದಲ್ಲಿ ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ' ತೋರುವ ದಾರಿ ಬಲು ಮೃದುವಾದುದು. ತ್ಯಾಗದಲ್ಲಿ ಅವರು ಯಮ, ನಿಯಮ ಎಂದು ಎರಡನ್ನು ಗುರುತಿಸುತ್ತಾರೆ. ಜೀವನಪರ್ಯಂತ ಬಿಡುವುದು ಯಮ. ಇಂತಿಷ್ಟು ಕಾಲವೆಂದು ಬಿಡುವುದು ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು ಹೀಗೆ ಶಕ್ತಿಗೆ ತಕ್ಕ ಗಡುವು. ಅಷ್ಟಮಿ ಚತುರ್ದಶಿಗಳಂದು ಉಪ್ಪಿನಕಾಯಿ ಬೇಡವೆಂದು ಹುಡುಗನೇ ಒಪ್ಪಿ ನಡೆದರೆ ತಿಂಗಳಿಗೆ ನಾಲ್ಕು ದಿನ ನಾಲಗೆ ಅವನ ಮಾತು ಕೇಳಿದಂತಾಯಿತು. ಗದರಿಸಿ ಭರಣಿಯನ್ನು ಅಟ್ಟಕ್ಕೇರಿಸಿದರೆ ಅವನು ಅಂಗಡಿಯ ಶೀಶೆ ತರುತ್ತಾನೆ. ಅದರಲ್ಲಿ ಬೆಳ್ಳುಳ್ಳಿಯೂ ಇರಬಹುದು, ಹಸಿಶುಂಠಿಯೂ ಇರಬಹುದು; ತಯಾರಾಗಿ ಎಷ್ಟು ತಿಂಗಳಾಯಿತೋ ಚೀಟಿ ಓದಿಯೇ ತಿಳಿಯಬೇಕು.

ಹಸಿಶುಂಠಿಯ ಮಾತು ಬಂದದ್ದರಿಂದ ಒಂದು ಸೂಕ್ಷ್ಮವನ್ನು ಗಮನಿಸಬಹುದು. ಫಲ ಅಲ್ಪ, ಘಾತ ಬಹಳ ಎಂಬ ಕಾರಣಕ್ಕೆ ಸಮಂತಭದ್ರರು ಬಿಡಹೇಳುವ ವಸ್ತುಗಳಲ್ಲಿ ಹಸಿಶುಂಠಿ ಇದೆ. ಅವರು 'ಆರ್ದ್ರ' ಎಂದು ವಿಶೇಷಿಸಿ ಹೇಳಿರುವುದರಿಂದ ಒಣಶುಂಠಿಗೆ ಶ್ರಾವಕರ ಮನೆಗಳಲ್ಲಿ ಎಡೆ ಉಳಿಯಿತು. ಒಣಗಿಸುವಿಕೆ ಜೈನರ ಅಡುಗೆಯಲ್ಲಿ ಇಷ್ಟು ಮುಖ್ಯವಾದದ್ದಕ್ಕೆ ಬೇರು ಇಲ್ಲಿದೆ. ರುಚಿಯನ್ನು ದ್ವೇಷಿಸಿ ಬೆಳೆದ ಪರಂಪರೆ ಇದಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು 'ಲೋಕೋಪಕಾರ'ದಲ್ಲಿ ಪಾಕವಿಷಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದ ಮೂರನೆಯ ಮಂಗರಸನೂ ಜೈನಕವಿಯೇ.

ಇನ್ನು ಹಿತ್ತಿಲಿನ ಬುಟ್ಟಿಗೆ ಬರೋಣ. ಸಂಧಾನ ಬೇಡವೆಂದು ಮಿಡಿಯನ್ನು ಮರದಡಿಯಲ್ಲೇ ಕೊಳೆಯಲು ಬಿಟ್ಟರೆ ಹುಳುಗಳ ರಾಶಿ ಕಣ್ಣೆದುರೇ ಹುಟ್ಟುತ್ತದೆ, ಇದೂ ಪ್ರಮಾದವೇ. ಬೇಕಿಲ್ಲದೆ ಕೀಳುವುದು, ಕಿತ್ತು ಚೆಲ್ಲುವುದು ಅನರ್ಥದಂಡದ ಸಾಲಿಗೆ ಸೇರುತ್ತವೆ. ಮನೆಗೆ ಬೇಕಾದಷ್ಟನ್ನೇ ಇಳಿಸಿಕೊಂಡು ಮಿಕ್ಕದ್ದನ್ನು ನೆರೆಯವರಿಗೆ ಹಸಿಯಾಗಿಯೇ ಕೊಡುವುದು ಮೊದಲ ಉಪಾಯ. ಅಂದಂದಿಗೆ ಬೇಕಾದ ನಾಲ್ಕು ಕಾಯಿ ಹೆಚ್ಚಿ, ಉಪ್ಪು, ಮೆಣಸಿನಪುಡಿ, ಸಾಸಿವೆಯ ಒಗ್ಗರಣೆ ಕೊಟ್ಟರೆ ಮೊಮ್ಮಗನ ಮಜ್ಜಿಗೆ ಅನ್ನಕ್ಕೆ ಅಷ್ಟು ಸಾಕು. ಸಂಜೆಯ ಊಟದೊಳಗೆ ಬಟ್ಟಲು ಖಾಲಿಯಾಗಬೇಕು. ಉಳಿದ ಕಾಯಿಯನ್ನು ತೆಳ್ಳಗೆ ಸೀಳಿ, ಉಪ್ಪು ಸವರಿ, ಚೈತ್ರದ ಬಿಸಿಲಿಗೆ ಹರಡಬೇಕು. ಬಾಗಿಸಿದರೆ ಲಟಕ್ಕನೆ ಮುರಿಯುವಷ್ಟು ಒಣಗಬೇಕು. ಬಾಗಿ ನಿಂತರೆ ತೇವ ಉಳಿದಿದೆ ಎಂದೇ ಅರ್ಥ. ನೆಲ್ಲಿಯನ್ನೂ ಕರಾವಳಿಯ ಪುನರ್ಪುಳಿಯ ಸಿಪ್ಪೆಯನ್ನೂ ಇದೇ ರೀತಿ ಒಣಗಿಸುತ್ತಾರೆ. ಹಪ್ಪಳ ಸಂಡಿಗೆಗಳಲ್ಲಿ ಹಿಟ್ಟು ಸೇರಿರುವುದರಿಂದ ವ್ರತಿಗಳು ಅವನ್ನು ಬಹುಕಾಲ ಇಟ್ಟು ತಿನ್ನುವುದಿಲ್ಲ. ಬರಿಯ ಒಣಹೋಳಿಗೆ ಆ ತೊಡಕಿಲ್ಲ.

ಆ ಹೋಳು ತೊಗರಿಬೇಳೆಯೊಡನೆ ಬೆಂದರೆ ಹುಣಿಸೆಹಣ್ಣು ಬೇಕಾಗುವುದಿಲ್ಲ. ಒಗ್ಗರಣೆಗೆ ಮುನ್ನ ಒಂದು ಬಟ್ಟಲು ತೆಗೆದಿಟ್ಟರೆ ಖಾರ ಒಲ್ಲದ ಮಗನಿಗಾಯಿತು. ಮೆಣಸು ಬಿದ್ದದ್ದು ಮೊಮ್ಮಕ್ಕಳಿಗೆ. ಅತ್ತೆಯ ನಿಯಮಕ್ಕೆ ಎರಡೂ ಸಲ್ಲುತ್ತವೆ. ಪಾತ್ರೆ ಒಂದೇ.

ಒಣಹೋಳಿನ ನಿಜವಾದ ಪರೀಕ್ಷೆ ಇರುವುದು ಆಷಾಢದಲ್ಲಿ. ಚಾತುರ್ಮಾಸ ಆರಂಭವಾಗುವ ಹೊತ್ತಿಗೆ ಗೋಡೆಯೂ ಬೆವರುವ ಆ ತಿಂಗಳುಗಳಲ್ಲಿ ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು, ಒಳಗೆ ಹೋಗುವ ಕೈ ಒಣಗಿರಬೇಕು. ಒಲೆಗೆ ಹಾಕುವ ಮುನ್ನ ಪ್ರತಿ ಸಲವೂ ಹೋಳನ್ನು ತಟ್ಟೆಗೆ ಸುರಿದು, ಬೆಳಕಿನಲ್ಲಿ ಒಂದೊಂದನ್ನೂ ಹೊರಳಿಸಿ ನೋಡಬೇಕು. ಮೆತ್ತಗಾದದ್ದು ಕಂಡರೆ, ಸಣ್ಣ ತೂತು ಕಂಡರೆ ಆ ಹೋಳು ಅಡುಗೆಗೆ ಬಾರದು. ಹುಳು ಇದ್ದರೆ ಅದಕ್ಕೆ ನೋವಾಗದಂತೆ ಹೋಳಿನ ಸಮೇತ ಹಿತ್ತಿಲಿನ ನೆರಳಿಗೆ ಒಯ್ದು ಬಿಡಬೇಕು.